ಸದನದಲ್ಲಿ ಒಂದಾದವರು ಕಣದಲ್ಲಿ ಬೇರೆಯಾದರು: ಬ್ರೆಕ್ಸಿಟ್ ಕಾಲದ ಬ್ರಿಟನ್ನಿನ ಚುನಾವಣಾ ಲೆಕ್ಕಾಚಾರ

ಒಂದು ಲೆಕ್ಕ ಮುಂದಿಟ್ಟು ಮಾತು ಶುರು ಮಾಡುತ್ತೇನೆ. 2017ರ ಜೂನ್ ಚುನಾವಣೆಯಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷಕ್ಕೆ ಬಂದ ಮತ ಶೇ 42.4. ಸೀಟು 317. ಇದ್ದ ಬಹುಮತವೂ ಹೋಯಿತು. 2019ರ ಡಿಸೆಂಬರ್‌ನಲ್ಲಿ ಅದೇ ಪಕ್ಷಕ್ಕೆ ಶೇ 43.6 ಮತ ಬಂತು. ಸೀಟು 365ಕ್ಕೇರಿತು, ಉಳಿದ ಎಲ್ಲರಿಗಿಂತ 80 ಹೆಚ್ಚು. ನೂರಕ್ಕೆ ಒಂದೂಕಾಲು ಮತವೂ ಹೆಚ್ಚಿರಲಿಲ್ಲ, ಆದರೆ ಸೀಟು 48 ಹೆಚ್ಚಿತ್ತು. ಆ ಎರಡೂವರೆ ವರ್ಷದಲ್ಲಿ ಬ್ರಿಟನ್ನಿನ ಜನ ದೊಡ್ಡ ಸಂಖ್ಯೆಯಲ್ಲಿ ಮನಸ್ಸು ಬದಲಿಸಿಬಿಟ್ಟರು ಎಂದು ಇದನ್ನು ನೋಡಿದವರಿಗೆ ಅನಿಸಬಹುದು. ಹಾಗೇನೂ ಆಗಿರಲಿಲ್ಲ. ಬ್ರೆಕ್ಸಿಟ್ ಬೇಕು, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರಬೇಕು ಎಂದ ಪಾಳೆಯ ಒಂದೇ ಪಕ್ಷದ ಹಿಂದೆ ಸೇರಿಕೊಂಡಿತು, ಒಕ್ಕೂಟದಲ್ಲೇ ಉಳಿಯಬೇಕು ಎಂದ ಪಾಳೆಯ ನಾಲ್ಕೈದು ಪಕ್ಷಗಳಲ್ಲಿ ಹಂಚಿಹೋಯಿತು. ಇಂದಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಅಲ್ಲಿನ ಎಣಿಕೆಯ ಪದ್ಧತಿಯನ್ನು ನಿಮಗೆ ವಿವರಿಸುವ ಅಗತ್ಯವಿಲ್ಲ, ನಮ್ಮ ಪದ್ಧತಿ ಬಂದದ್ದೇ ಅಲ್ಲಿಂದ. ಕ್ಷೇತ್ರದಲ್ಲಿ ಯಾರಿಗೆ ಒಂದು ಮತ ಹೆಚ್ಚೋ ಅವರೇ ಗೆದ್ದಂತೆ. 2018ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 38 ಮತ, 80 ಸೀಟು. ಬಿಜೆಪಿಗೆ ಸುಮಾರು ಶೇ 36 ಮತ, 104 ಸೀಟು. ಇದನ್ನು ಕಣ್ಣಾರೆ ಕಂಡವರಿಗೆ ಬ್ರಿಟನ್ನಿನ ಕಥೆ ಅರ್ಥ ಮಾಡಿಕೊಳ್ಳುವುದು ಸುಲಭ.

ಬ್ರೆಕ್ಸಿಟ್ ಎಂಬ ಬಿಕ್ಕಟ್ಟು ಹುಟ್ಟಿದ್ದೂ ಒಂದು ಚುನಾವಣಾ ಲೆಕ್ಕಾಚಾರದಿಂದಲೇ. 2013ರ ಜನವರಿಯಲ್ಲಿ ಪ್ರಧಾನಿ ಡೇವಿಡ್ ಕ್ಯಾಮರನ್, ಮುಂದಿನ ಚುನಾವಣೆ ಗೆದ್ದರೆ ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಜನರನ್ನೇ ಕೇಳುತ್ತೇನೆ ಎಂದು ಮಾತು ಕೊಟ್ಟರು. ಅವರದೇ ಪಕ್ಷದ ಹಿಂದಿನ ಬೆಂಚುಗಳಲ್ಲಿ ಒಕ್ಕೂಟವನ್ನು ಕಂಡರಾಗದ ಸದಸ್ಯರು ಬಹಳ ಮಂದಿ ಇದ್ದರು. ಹೊರಗಡೆ ಒಕ್ಕೂಟ ಬಿಡಲೇಬೇಕು ಎನ್ನುವ, ನೈಜೆಲ್ ಫರಾಜ್ ಅವರ ಯುಕಿಪ್ ಎಂಬ ಪಕ್ಷ ಬೆಳೆಯುತ್ತಿತ್ತು. 2014ರ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಆ ಪಕ್ಷ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇ ಬಂತು. ಮರುವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಅದಕ್ಕೆ 39 ಲಕ್ಷದಷ್ಟು ಮತ ಬಿದ್ದು, ಸಿಕ್ಕಿದ್ದು ಒಂದೇ ಒಂದು ಸೀಟು. ಅದೇ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಎಸ್‌ಎನ್‌ಪಿ, ಶೇ 4.7 ಮತದಿಂದ 56 ಸೀಟು ಗೆದ್ದಿತು. ಒಂದು ಸೀಟಿನ ಪಕ್ಷಕ್ಕೆ ದೊಡ್ಡ ಪಕ್ಷವೊಂದು ಯಾಕೆ ಹೆದರಬೇಕು ಎಂದು ನೀವು ಕೇಳಬಹುದು. ಆ ಪಕ್ಷ ಗೆಲ್ಲುತ್ತದೆ ಎಂಬ ಭಯ ಅದಲ್ಲ, ಪ್ರತಿ ಕ್ಷೇತ್ರದಲ್ಲಿ ಎರಡು ಮೂರು ಸಾವಿರ ಮತ ಕಿತ್ತುಕೊಂಡು ತನ್ನನ್ನು ಸೋಲಿಸುತ್ತದೆ ಎಂಬ ಭಯ. ಈ ಭಯವನ್ನು ಫರಾಜ್ ಎಷ್ಟು ಚೆನ್ನಾಗಿ ಬಳಸಿಕೊಂಡರೆಂದರೆ, ಅಷ್ಟು ವರ್ಷ ವೆಸ್ಟ್‌ಮಿನ್‌ಸ್ಟರ್ ಸಂಸತ್ತನ್ನು ಪ್ರವೇಶಿಸದೆಯೇ ದೇಶದ ದಿಕ್ಕನ್ನು ಬದಲಿಸಿಬಿಟ್ಟರು.

2016ರ ಜೂನ್ 23ರ ಜನಮತಗಣನೆಯ ಫಲಿತಾಂಶ ನಿಮಗೆ ಗೊತ್ತು: ಹೊರಹೋಗಲು ಶೇ 51.9, ಉಳಿಯಲು ಶೇ 48.1. ಆ ಗೆರೆ ಪಕ್ಷಗಳ ನಡುವೆ ಹಾದುಹೋಗಲಿಲ್ಲ, ಪಕ್ಷಗಳ ಒಳಗೆ ಹಾದುಹೋಯಿತು ಎಂಬುದನ್ನು ಗಮನಿಸಿ. ಮುಖ್ಯ ವಿರೋಧ ಪಕ್ಷವಾದ ಲೇಬರ್ ಪಕ್ಷದ ಸ್ಥಿತಿ ಎಲ್ಲರಿಗಿಂತ ಕಷ್ಟದ್ದಾಗಿತ್ತು. ಅದರ ಮತದಾರರಲ್ಲಿ ಹೆಚ್ಚಿನವರು ಉಳಿಯಬೇಕೆಂದವರು, ಅದು ಗೆದ್ದಿದ್ದ ಕ್ಷೇತ್ರಗಳಲ್ಲಿ ಹೆಚ್ಚಿನವು ಹೊರಹೋಗಬೇಕೆಂದವು. ಲಂಡನ್ನಿನ ಓದಿದ ಯುವಕರು ಒಂದು ಕಡೆ, ಡರ್ಬಿಶೈರ್ ಮತ್ತು ಡರಮ್‌ನ ಹಳೆಯ ಗಣಿ ಊರುಗಳ ಕಾರ್ಮಿಕರು ಇನ್ನೊಂದು ಕಡೆ. ಅದರ ನಾಯಕ ಜೆರೆಮಿ ಕಾರ್ಬಿನ್ ಅವರನ್ನು ಎಷ್ಟು ಬೇಕಾದರೂ ಟೀಕಿಸಬಹುದು, ನಾನೂ ಮುಂದೆ ಟೀಕಿಸಲಿದ್ದೇನೆ. ಆದರೆ ಈ ಎರಡನ್ನೂ ಒಟ್ಟಿಗೆ ಹಿಡಿದಿಡುವ ದಾರಿ ಯಾವ ನಾಯಕನ ಬಳಿಯೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಕ್ಯಾಮರನ್ ನಂತರ ಪ್ರಧಾನಿಯಾದ ಥೆರೆಸಾ ಮೇ 2017ರ ಮಾರ್ಚ್ 29ರಂದು ಒಕ್ಕೂಟದ ಒಪ್ಪಂದದ 50ನೇ ವಿಧಿಯಡಿ, ಹೊರಹೋಗುತ್ತೇವೆ ಎಂದು ಒಕ್ಕೂಟಕ್ಕೆ ನೋಟಿಸ್ ಕೊಟ್ಟರು, ಎರಡು ವರ್ಷದ ಗಡಿಯಾರ ಓಡತೊಡಗಿತು. ಆಮೇಲೆ ಬಹುಮತ ಹೆಚ್ಚಿಸಿಕೊಳ್ಳಲು ಅವಧಿಗೆ ಮೊದಲೇ ಚುನಾವಣೆಗೆ ಹೋಗಿ, ಇದ್ದದ್ದನ್ನೂ ಕಳೆದುಕೊಂಡರು. ಉತ್ತರ ಐರ್ಲೆಂಡಿನ ಡಿಯುಪಿ ಎಂಬ ಪಕ್ಷದ 10 ಸದಸ್ಯರ ಬೆಂಬಲದ ಮೇಲೆ ಸರ್ಕಾರ ನಿಂತಿತು. ಆ ಬೆಂಬಲಕ್ಕಾಗಿ ಉತ್ತರ ಐರ್ಲೆಂಡಿಗೆ ನೂರು ಕೋಟಿ ಪೌಂಡ್ ಹೆಚ್ಚುವರಿ ಅನುದಾನ ಕೊಡಬೇಕಾಯಿತು. ಮುಂದೆ ಐರಿಷ್ ಗಡಿಯ, ಅಂದರೆ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿಗೂ ನಡುವಿನ ಗಡಿಯ ಪ್ರಶ್ನೆಯಲ್ಲಿ ಮೇ ಅವರ ಕೈ ಕಟ್ಟಿಹಾಕಿದ್ದೂ ಈ ಹತ್ತು ಜನರೇ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಆ ಚುನಾವಣೆಯಲ್ಲಿ ನಮ್ಮವರೊಬ್ಬರಿದ್ದರು. ಕಲಬುರಗಿ ಕಡೆಯಿಂದ ಹೋದ ವೈದ್ಯ ನೀರಜ್ ಪಾಟೀಲ, ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದವರು, ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆಗಾಗಿ ಓಡಾಡಿದವರು. 2017ರಲ್ಲಿ ಅವರು ಪಟ್ನಿ ಕ್ಷೇತ್ರದಲ್ಲಿ ಲೇಬರ್ ಅಭ್ಯರ್ಥಿಯಾಗಿ ಸಚಿವೆ ಜಸ್ಟಿನ್ ಗ್ರೀನಿಂಗ್ ಎದುರು ನಿಂತರು. ಎರಡು ವರ್ಷ ಮೊದಲು ಹತ್ತು ಸಾವಿರ ದಾಟಿದ್ದ ಗ್ರೀನಿಂಗ್ ಅವರ ಅಂತರ 1,554ಕ್ಕೆ ಕುಸಿಯಿತು. ಪಟ್ನಿ ಇರುವ ವಾಂಡ್ಸ್‌ವರ್ತ್‌ನಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಉಳಿಯಬೇಕೆಂದು ಮತ ಹಾಕಿದ್ದರು. ಅನುಕೂಲಸ್ಥರ ಈ ಬಡಾವಣೆಗಳು ಕನ್ಸರ್ವೇಟಿವ್ ಪಕ್ಷದಿಂದ ಕಳಚಿಕೊಳ್ಳುತ್ತಿವೆ ಎಂಬ ಸುದ್ದಿ ಆ ಫಲಿತಾಂಶದಲ್ಲೇ ಇತ್ತು. ಪಟ್ನಿಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಹೊರಹೋಗುವ ಷರತ್ತುಗಳ ಬಗ್ಗೆ ಒಕ್ಕೂಟದೊಡನೆ ಮೇ ಮಾಡಿಕೊಂಡ ಒಪ್ಪಂದ 2019ರ ಜನವರಿ 15ರಂದು 432ಕ್ಕೆ 202 ಮತಗಳಿಂದ ಬಿತ್ತು. ಆಡಳಿತ ಪಕ್ಷ ಸದನದಲ್ಲಿ ಅಷ್ಟು ದೊಡ್ಡ ಸೋಲು ಕಂಡದ್ದು ಆಧುನಿಕ ಬ್ರಿಟನ್ನಿನ ಇತಿಹಾಸದಲ್ಲೇ ಇಲ್ಲ. ಮಾರ್ಚ್‌ನಲ್ಲಿ ಇನ್ನೆರಡು ಸಲ ಬಿತ್ತು. ಆ ಮೂರು ಮತದಾನಗಳ ಬಗ್ಗೆ ಬಹಳ ಬರೆದಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಏಪ್ರಿಲ್ 1ರ ಸಂಜೆ. ಸರ್ಕಾರದ ಕೈಯಿಂದ ಕಲಾಪವನ್ನು ಕಿತ್ತುಕೊಂಡ ಸದಸ್ಯರು, ಯಾವ ದಾರಿಗೆ ಬಹುಮತ ಇದೆ ಎಂದು ತಾವೇ ಪರೀಕ್ಷೆ ಮಾಡಿ ನೋಡಿದರು. ಒಕ್ಕೂಟದೊಡನೆ ಸುಂಕದ ಹೊಂದಾಣಿಕೆ ಉಳಿಸಿಕೊಳ್ಳುವ, ಹಿರಿಯ ಕನ್ಸರ್ವೇಟಿವ್ ಸದಸ್ಯ ಕೆನ್ನೆತ್ ಕ್ಲಾರ್ಕ್ ಅವರ ಪ್ರಸ್ತಾವಕ್ಕೆ 273 ಮತ ಬಿತ್ತು, ವಿರುದ್ಧ 276. ಮೂರೇ ಮತ. ಎಸ್‌ಎನ್‌ಪಿಯ ಬಹುತೇಕರು ಮತ ಹಾಕದೆ ದೂರ ಉಳಿದರು. ಎರಡನೇ ಜನಮತಗಣನೆ ಬೇಕೆನ್ನುತ್ತಿದ್ದ ಇನ್ನೂ ಕೆಲವರು, ಅರ್ಧಕ್ಕೆ ಒಪ್ಪಿದರೆ ಪೂರ್ತಿ ಕೈತಪ್ಪುತ್ತದೆ ಎಂದು ಯೋಚಿಸಿದರು. ಮೃದು ಬ್ರೆಕ್ಸಿಟ್ ಎಂದು ಕರೆಯುತ್ತಿದ್ದ ದಾರಿ ಅವತ್ತು ಮುಚ್ಚಿಹೋಯಿತು. ಒಂದಷ್ಟು ಸಿಕ್ಕಿದರೂ ಸಾಕು ಎನ್ನುವವರು ಎರಡೂ ಪಾಳೆಯಗಳಲ್ಲಿ ಕಡಿಮೆಯಾಗುತ್ತಾ ಬಂದರು. ಆ ವರ್ಷದ ನಿಜವಾದ ದುರಂತ ಅದು ಎಂಬುದು ನನ್ನ ನಂಬಿಕೆ.

ಮೇ 23ರಂದು, ಹೊರಬೀಳಬೇಕಿದ್ದ ದೇಶವೇ ಐರೋಪ್ಯ ಸಂಸತ್ತಿಗೆ ಚುನಾವಣೆ ನಡೆಸಬೇಕಾಯಿತು. ಫರಾಜ್ ಹೊಸದಾಗಿ ಕಟ್ಟಿದ ಬ್ರೆಕ್ಸಿಟ್ ಪಾರ್ಟಿ ಶೇ 30ಕ್ಕೂ ಹೆಚ್ಚು ಮತ ಪಡೆದು ಮೊದಲು ಬಂತು. ‘ಉಳಿಯೋಣ’ ಎಂದ ಲಿಬರಲ್ ಡೆಮಾಕ್ರಾಟರು ಎರಡನೆಯವರು, ಗ್ರೀನ್ ಪಕ್ಷಕ್ಕೆ ಸುಮಾರು ಶೇ 12. ಲೇಬರ್ ಶೇ 14ಕ್ಕೂ ಕೆಳಗಿಳಿದರೆ, ಆಳುವ ಕನ್ಸರ್ವೇಟಿವ್ ಶೇ 9ಕ್ಕೂ ಕೆಳಗೆ ಹೋಗಿ ಐದನೇ ಸ್ಥಾನಕ್ಕೆ ಬಿತ್ತು. ಅಲ್ಲಿ ಸೀಟು ಹಂಚುವುದು ಮತಗಳ ಅನುಪಾತದಲ್ಲಿ, ಹಾಗಾಗಿ ಜನ ಮನಸ್ಸು ಬಿಚ್ಚಿ ಮತ ಹಾಕಿದರು.

ಈ ಫಲಿತಾಂಶದಿಂದ ಇಬ್ಬರು ಎರಡು ಬೇರೆ ಪಾಠ ಕಲಿತರು. ಜುಲೈನಲ್ಲಿ ಮೇ ಅವರ ಜಾಗದಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೂ ಪ್ರಧಾನಿ ಪಟ್ಟಕ್ಕೂ ಬಂದ ಬೋರಿಸ್ ಜಾನ್ಸನ್, ಫರಾಜ್ ಹಿಂದೆ ಹೋದ ಮತಗಳನ್ನೆಲ್ಲ ವಾಪಸು ತಂದರೆ ಸಾಕು, ಉಳಿದವರು ಹಂಚಿಕೊಂಡು ಸೋಲುತ್ತಾರೆ ಎಂದು ಲೆಕ್ಕ ಹಾಕಿದರು. ಅದೇ ತಿಂಗಳು ಲಿಬರಲ್ ಡೆಮಾಕ್ರಾಟರ ನಾಯಕಿಯಾದ ಜೋ ಸ್ವಿನ್ಸನ್, ತಮ್ಮ ಪಕ್ಷಕ್ಕೆ ಬಂದ ಮತ ತಮ್ಮದೇ ಎಂದು ನಂಬಿದರು. ಅದು ಆ ಒಂದು ಚುನಾವಣೆಗೆ ಮಾತ್ರ ಬಂದ ಮತ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಸೆಪ್ಟೆಂಬರ್ ತಿಂಗಳು. ಜಾನ್ಸನ್ ಐದು ವಾರ ಸಂಸತ್ತಿನ ಬಾಗಿಲು ಹಾಕಲು ಹೊರಟಿದ್ದರು. ಒಪ್ಪಂದ ಇರಲಿ, ಇಲ್ಲದಿರಲಿ, ಮುಂದೂಡಿದ ಗಡುವಾದ ಅಕ್ಟೋಬರ್ 31ಕ್ಕೆ ಹೊರಹೋಗುವುದೇ ಎನ್ನುತ್ತಿದ್ದರು. ಎದುರು ಪಕ್ಷಗಳಲ್ಲಿ ಒಬ್ಬರನ್ನೊಬ್ಬರು ನಂಬದವರೇ ಹೆಚ್ಚು. ಆದರೂ ಒಂದೇ ವಾರದಲ್ಲಿ ಅವರು ಮಾಡಿದ ಕೆಲಸ ನೋಡಿ. ಸೆಪ್ಟೆಂಬರ್ 3ರಂದು 328ಕ್ಕೆ 301 ಮತಗಳಿಂದ ಕಲಾಪವನ್ನು ವಶಕ್ಕೆ ತೆಗೆದುಕೊಂಡರು. 21 ಕನ್ಸರ್ವೇಟಿವ್ ಸದಸ್ಯರು ತಮ್ಮ ಸರ್ಕಾರದ ವಿರುದ್ಧವೇ ಮತ ಹಾಕಿದರು. ಅವರಲ್ಲಿ ಇಬ್ಬರು ಮಾಜಿ ಹಣಕಾಸು ಸಚಿವರು, ವಿನ್‌ಸ್ಟನ್ ಚರ್ಚಿಲ್ ಅವರ ಮೊಮ್ಮಗ ನಿಕೊಲಸ್ ಸೋಮ್ಸ್, ಪಟ್ನಿಯ ಜಸ್ಟಿನ್ ಗ್ರೀನಿಂಗ್ ಇದ್ದರು. ಎಲ್ಲರನ್ನೂ ಸಂಸದೀಯ ಪಕ್ಷದಿಂದ ಹೊರಗೆ ಹಾಕಲಾಯಿತು. ಸೆಪ್ಟೆಂಬರ್ 9ಕ್ಕೆ, ಒಪ್ಪಂದವಿಲ್ಲದೆ ಹೊರಹೋಗದಂತೆ ಪ್ರಧಾನಿಯ ಕೈ ಹಿಡಿಯುವ ಕಾಯ್ದೆ ಜಾರಿಯಾಯಿತು. ಬೆನ್ ಕಾಯ್ದೆ ಎಂದು ಅದನ್ನು ಕರೆಯುತ್ತಾರೆ. ಸಂಸತ್ತಿನ ಬಾಗಿಲು ಹಾಕಿದ್ದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಸೆಪ್ಟೆಂಬರ್ 24ರಂದು ಒಮ್ಮತದ ತೀರ್ಪು ಕೊಟ್ಟರು.

ಜಾನ್ಸನ್ ಬಳಿ ಉಳಿದಿದ್ದ ದಾರಿ ಚುನಾವಣೆಯೊಂದೇ. ಆದರೆ ಅದನ್ನು ಕರೆಯುವ ಅಧಿಕಾರ ಪ್ರಧಾನಿಗೆ ಆಗ ಇರಲಿಲ್ಲ. 2011ರ ನಿಗದಿತ ಅವಧಿ ಸಂಸತ್ ಕಾಯ್ದೆಯ ಪ್ರಕಾರ ಅವಧಿಗೆ ಮೊದಲು ಚುನಾವಣೆ ಬೇಕಾದರೆ ಮೂರನೇ ಎರಡರಷ್ಟು, ಅಂದರೆ 650ರಲ್ಲಿ 434 ಸದಸ್ಯರು ಒಪ್ಪಬೇಕಿತ್ತು. ಕ್ಯಾಮರನ್ ತಮ್ಮ ಸಮ್ಮಿಶ್ರ ಸರ್ಕಾರ ಉರುಳದಿರಲಿ ಎಂದು ಮಾಡಿಕೊಂಡಿದ್ದ ಕಾಯ್ದೆ ಅದು. ಜಾನ್ಸನ್ ಮೂರು ಸಲ ನಿರ್ಣಯ ಮಂಡಿಸಿದರು, ಮೂರು ಸಲವೂ ಸಂಖ್ಯೆ 300 ಕೂಡ ಮುಟ್ಟಲಿಲ್ಲ. ಎದುರು ಪಕ್ಷಗಳು ಮತ ಹಾಕದೆ ಸುಮ್ಮನೆ ಕುಳಿತದ್ದೇ ಸಾಕಾಯಿತು. ಪ್ರಧಾನಿಗೆ ಆಳಲೂ ಬಹುಮತವಿಲ್ಲ, ಚುನಾವಣೆಗೆ ಹೋಗಲೂ ಬಿಡುವವರಿಲ್ಲ. ಅಲ್ಪಮತದ ಸರ್ಕಾರವನ್ನು ಸದನ ಹೀಗೆ ಹತೋಟಿಯಲ್ಲಿ ಇಟ್ಟುಕೊಂಡ ಉದಾಹರಣೆ ಬಹಳ ಅಪರೂಪ.

ಆದರೆ ಮುಂದಿನ ಹೆಜ್ಜೆ ಇಡಲು ಅವರಿಂದ ಆಗಲಿಲ್ಲ. ಆಗಸ್ಟ್ 14ರಂದೇ ಕಾರ್ಬಿನ್ ಉಳಿದ ಎದುರು ಪಕ್ಷಗಳಿಗೂ ಕನ್ಸರ್ವೇಟಿವ್ ಬಂಡಾಯಗಾರರಿಗೂ ಪತ್ರ ಬರೆದಿದ್ದರು: ಅವಿಶ್ವಾಸ ನಿರ್ಣಯದಿಂದ ಜಾನ್ಸನ್ ಅವರನ್ನು ಇಳಿಸೋಣ, ನಾನು ಹಂಗಾಮಿ ಪ್ರಧಾನಿಯಾಗಿ ಗಡುವು ಮುಂದೂಡಿಸಿ ಚುನಾವಣೆಗೆ ಹೋಗುತ್ತೇನೆ ಎಂದು. ಸ್ವಿನ್ಸನ್ ಒಪ್ಪಲಿಲ್ಲ. ಕಾರ್ಬಿನ್‌ಗೆ ಬಹುಮತ ಸಿಗುವುದಿಲ್ಲ, ಕೆನ್ನೆತ್ ಕ್ಲಾರ್ಕ್ ಅಥವಾ ಲೇಬರ್ ಪಕ್ಷದ ಹ್ಯಾರಿಯಟ್ ಹಾರ್ಮನ್ ಆಗಬಹುದು ಎಂದರು. ಬಂಡಾಯ ಕನ್ಸರ್ವೇಟಿವರಲ್ಲಿ ಹಲವರು ಕಾರ್ಬಿನ್ ಅವರನ್ನು ಒಪ್ಪುವವರಲ್ಲ ಎಂಬುದೂ ನಿಜ. ಕಾರ್ಬಿನ್ ಪಕ್ಕಕ್ಕೆ ಸರಿಯಲು ಸಿದ್ಧರಿರಲಿಲ್ಲ, ಸ್ವಿನ್ಸನ್ ಕಾರ್ಬಿನ್ ಅವರನ್ನು ಸಹಿಸಲು ಸಿದ್ಧರಿರಲಿಲ್ಲ. ಈ ವಿಷಯದಲ್ಲಿ ಇಬ್ಬರನ್ನೂ ನಾನು ಕ್ಷಮಿಸಲಾರೆ. ದೇಶದ ಅರ್ಧ ಜನ ಇವರ ಮೇಲೆ ಭರವಸೆ ಇಟ್ಟು ಕೂತಿದ್ದರು, ಇವರು ಕುರ್ಚಿಯ ಹೆಸರಿನ ಮೇಲೆ ಮುರಿದುಕೊಂಡರು.

ಅಕ್ಟೋಬರ್‌ನಲ್ಲಿ ಜಾನ್ಸನ್ ಹೊಸ ಒಪ್ಪಂದ ತಂದರು. ಅಕ್ಟೋಬರ್ 22ರಂದು ಆ ಮಸೂದೆಯ ತತ್ವವನ್ನು ಸದನ 329ಕ್ಕೆ 299ರಿಂದ ಒಪ್ಪಿತು, ಆದರೆ ಮೂರು ದಿನದಲ್ಲಿ ಮುಗಿಸಬೇಕೆಂಬ ವೇಳಾಪಟ್ಟಿಯನ್ನು ತಿರಸ್ಕರಿಸಿತು. ಅಂದರೆ ತಿದ್ದುಪಡಿ ತರಲು, ಮತ್ತೆ ಜನರ ಮುಂದೆ ಇಡಬೇಕೆಂಬ ಷರತ್ತು ಸೇರಿಸಲು ಯತ್ನಿಸುವಷ್ಟು ಜಾಗ ಇನ್ನೂ ಇತ್ತು. ಅಷ್ಟರಲ್ಲಿ ಲಿಬರಲ್ ಡೆಮಾಕ್ರಾಟರು ಮತ್ತು ಎಸ್‌ಎನ್‌ಪಿ ಸೇರಿ, ಡಿಸೆಂಬರ್ 9ಕ್ಕೆ ಚುನಾವಣೆ ನಡೆಸುವ ಪುಟ್ಟ ಮಸೂದೆಯ ಪ್ರಸ್ತಾವ ತಾವೇ ಮುಂದಿಟ್ಟರು. ಮೂರನೇ ಎರಡರ ಕಾಯ್ದೆಯನ್ನು ಸರಳ ಬಹುಮತದ ಇನ್ನೊಂದು ಮಸೂದೆಯಿಂದ ದಾಟಿಹೋಗುವ ಉಪಾಯ ಅದು. ಜಾನ್ಸನ್ ಅದನ್ನು ಎರಡೂ ಕೈಯಿಂದ ಬಾಚಿಕೊಂಡರು. ಒಕ್ಕೂಟ ಜನವರಿ 31ರವರೆಗೆ ಗಡುವು ಕೊಟ್ಟ ಮೇಲೆ ಕಾರ್ಬಿನ್ ಅವರಿಗೂ ನೆಪ ಉಳಿಯಲಿಲ್ಲ. ಅಕ್ಟೋಬರ್ 29ರಂದು 438ಕ್ಕೆ 20 ಮತಗಳಿಂದ ಮಸೂದೆ ಪಾಸಾಯಿತು, ಡಿಸೆಂಬರ್ 12ಕ್ಕೆ ದಿನ ನಿಗದಿಯಾಯಿತು.

ಎಸ್‌ಎನ್‌ಪಿಯ ಲೆಕ್ಕ ಅದರ ಮಟ್ಟಿಗೆ ಸರಿಯಾಗಿಯೇ ಇತ್ತು, ಸ್ಕಾಟ್ಲೆಂಡಿನಲ್ಲಿ ಅದು 35ರಿಂದ 48ಕ್ಕೆ ಏರಿತು. ಲಿಬರಲ್ ಡೆಮಾಕ್ರಾಟರ ಲೆಕ್ಕ ಪೂರ್ತಿ ತಪ್ಪಿತು. ಸಮೀಕ್ಷೆಗಳಲ್ಲಿ ಶೇ 20ರ ಆಸುಪಾಸು ಇದ್ದಾಗ, ತಾವು ಗೆದ್ದರೆ ಜನಮತಗಣನೆಯೇ ಬೇಡ, 50ನೇ ವಿಧಿಯನ್ನೇ ರದ್ದು ಮಾಡುತ್ತೇವೆ ಎಂದು ಘೋಷಿಸಿದ್ದರು. ಉಳಿಯಬೇಕೆಂದವರಲ್ಲೂ ಎಷ್ಟೋ ಮಂದಿಗೆ ಇದು ರುಚಿಸಲಿಲ್ಲ. ಕೊನೆಗೆ ಅವರಿಗೆ ಶೇ 11.6 ಮತ, 11 ಸೀಟು. ಸ್ವಿನ್ಸನ್ ತಮ್ಮದೇ ಕ್ಷೇತ್ರವನ್ನು ಎಸ್‌ಎನ್‌ಪಿ ಎದುರು 149 ಮತಗಳಿಂದ ಕಳೆದುಕೊಂಡರು.

ಪ್ರಚಾರದ ಆರು ವಾರಗಳಲ್ಲಿ ಎರಡು ಪ್ರಕಟಣೆಗಳು ಬಂದವು. ನವೆಂಬರ್ 7ರಂದು ಲಿಬರಲ್ ಡೆಮಾಕ್ರಾಟರು, ಗ್ರೀನ್ ಮತ್ತು ವೇಲ್ಸ್‌ನ ಪ್ಲೈಡ್ ಕಮ್ರಿ 60 ಕ್ಷೇತ್ರಗಳಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವುದಾಗಿ ಹೇಳಿದರು. ಲೇಬರ್ ಅದರಲ್ಲಿ ಇರಲಿಲ್ಲ. ನವೆಂಬರ್ 11ರಂದು ಫರಾಜ್, ಕನ್ಸರ್ವೇಟಿವರು 2017ರಲ್ಲಿ ಗೆದ್ದಿದ್ದ 317 ಕ್ಷೇತ್ರಗಳಲ್ಲೂ ತಮ್ಮ ಅಭ್ಯರ್ಥಿ ಇರುವುದಿಲ್ಲ ಎಂದರು. ಒಂದು ಕಡೆ 60, ಇನ್ನೊಂದು ಕಡೆ 317. ಚುನಾವಣೆ ಅಲ್ಲಿಗೇ ಅರ್ಧ ತೀರ್ಮಾನವಾಗಿತ್ತು.

ಲಂಡನ್ನಿನ ಕೆನ್ಸಿಂಗ್ಟನ್ ಕ್ಷೇತ್ರದಲ್ಲಿ ಏನಾಯಿತು ನೋಡಿ. ಶ್ರೀಮಂತರ ಮಹಲುಗಳೂ ಬೆಂಕಿಗೆ ಆಹುತಿಯಾದ ಗ್ರೆನ್‌ಫೆಲ್ ಟವರ್ ಕೂಡ ಇದ್ದ ಕ್ಷೇತ್ರ ಅದು. 2017ರಲ್ಲಿ ಲೇಬರ್ ಅಲ್ಲಿ ಕೇವಲ 20 ಮತಗಳಿಂದ ಗೆದ್ದಿತ್ತು. 2019ರಲ್ಲಿ ಲಿಬರಲ್ ಡೆಮಾಕ್ರಾಟರು ನಿಲ್ಲಿಸಿದ್ದು ಸ್ಯಾಮ್ ಜಿಮಾ ಅವರನ್ನು, ಆ 21 ಬಂಡಾಯಗಾರರಲ್ಲಿ ಒಬ್ಬರು. ಯಾವ ಕ್ಷೇತ್ರದಲ್ಲಿ ಯಾರಿಗೆ ಹಾಕಿದರೆ ಕನ್ಸರ್ವೇಟಿವರು ಸೋಲುತ್ತಾರೆ ಎಂದು ಸಲಹೆ ಕೊಡುವ ವೆಬ್‌ಸೈಟ್‌ಗಳು ಆಗ ಹಲವಿದ್ದವು. ಅವುಗಳ ಸಲಹೆಗಳು ಕೆಲವು ಕಡೆ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೆನ್ಸಿಂಗ್ಟನ್‌ನಲ್ಲಿ ಕೊನೆಗೆ ಕನ್ಸರ್ವೇಟಿವ್ ಅಭ್ಯರ್ಥಿಗೆ 16,768, ಲೇಬರ್‌ಗೆ 16,618, ಜಿಮಾ ಅವರಿಗೆ 9,312. ಉಳಿಯಬೇಕೆಂದವರ ಮತ ಸುಮಾರು 26 ಸಾವಿರ ಇದ್ದೂ 150 ಮತದ ಅಂತರದಲ್ಲಿ ಕ್ಷೇತ್ರ ಹೋಯಿತು. ಕ್ಯಾಂಟರ್ಬರಿಯಲ್ಲಿ ಇದಕ್ಕೆ ವಿರುದ್ಧ. ಅಲ್ಲಿನ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿ ಟಿಮ್ ವಾಕರ್, ತಾನು ನಿಂತರೆ ಲೇಬರ್‌ನ ರೋಸಿ ಡಫೀಲ್ಡ್ ಸೋಲುತ್ತಾರೆ ಎಂದು ಸ್ವಂತ ಇಚ್ಛೆಯಿಂದ ಕಣ ಬಿಟ್ಟರು. ಅವರ ಪಕ್ಷ ಅದನ್ನು ಗೌರವಿಸದೆ ಬೇರೊಬ್ಬರನ್ನು ನಿಲ್ಲಿಸಿತು. ಮತದಾರರು ವಾಕರ್ ಅವರ ಮಾತನ್ನೇ ಕೇಳಿದರು ಎಂದು ಕಾಣುತ್ತದೆ, ಡಫೀಲ್ಡ್ 187 ಇದ್ದ ತಮ್ಮ ಅಂತರವನ್ನು 1,836ಕ್ಕೆ ಏರಿಸಿಕೊಂಡರು.

ಮತ ಒಡೆದರೆ ಹೊರಹೋಗಬೇಕೆಂದ ಕಡೆಯವರಿಗೂ ಪೆಟ್ಟು ಬೀಳುತ್ತಿತ್ತು ಎಂಬುದಕ್ಕೆ ಹಾರ್ಟಲ್‌ಪೂಲ್ ಸಾಕ್ಷಿ. ಅಲ್ಲಿ ಲೇಬರ್ ಗೆದ್ದಿದ್ದರಿಂದ ಬ್ರೆಕ್ಸಿಟ್ ಪಾರ್ಟಿ ಕಣದಲ್ಲಿ ಉಳಿಯಿತು. ಲೇಬರ್‌ಗೆ 15,464, ಕನ್ಸರ್ವೇಟಿವ್‌ಗೆ 11,869, ಬ್ರೆಕ್ಸಿಟ್ ಪಾರ್ಟಿಗೆ 10,603. ಇಬ್ಬರ ಜಗಳದಲ್ಲಿ ಲೇಬರ್ ಉಳಿದುಕೊಂಡಿತು. 2021ರ ಉಪಚುನಾವಣೆಯ ಹೊತ್ತಿಗೆ ಬ್ರೆಕ್ಸಿಟ್ ಪಾರ್ಟಿಯ ಆ ಪಾಲು ಕರಗಿಹೋಗಿತ್ತು, ಕನ್ಸರ್ವೇಟಿವರು ಸುಮಾರು ಏಳು ಸಾವಿರ ಮತದಿಂದ ಗೆದ್ದರು. ಆದರೆ 2019ರಲ್ಲಿ ಹಳೆಯ ಗಣಿ ಊರುಗಳಲ್ಲಿ ಲೇಬರ್ ಎಲ್ಲ ಕಡೆ ಹೀಗೆ ಉಳಿದುಕೊಳ್ಳಲಿಲ್ಲ. 1970ರಿಂದ ಬೋಲ್ಸೋವರ್ ಪ್ರತಿನಿಧಿಸಿದ್ದ ಮಾಜಿ ಗಣಿ ಕಾರ್ಮಿಕ ಡೆನಿಸ್ ಸ್ಕಿನ್ನರ್ ಸೋತರು. ಟೋನಿ ಬ್ಲೇರ್ ಅವರ ಸೆಡ್ಜ್‌ಫೀಲ್ಡ್ ಹೋಯಿತು. ಹೊಸ ಒಪ್ಪಂದ ಮಾಡಿ ಅದನ್ನು ಜನರ ಮುಂದಿಡುತ್ತೇವೆ, ನಾಯಕ ಮಾತ್ರ ತಟಸ್ಥ ಎಂಬ ಲೇಬರ್ ನಿಲುವು ಆ ಊರುಗಳ ಮನೆಬಾಗಿಲಲ್ಲಿ ಹೇಳಲು ಬರುವಂಥದ್ದಾಗಿರಲಿಲ್ಲ. ಬ್ರೆಕ್ಸಿಟ್ ಮುಗಿಸುತ್ತೇನೆ ಎಂಬ ಜಾನ್ಸನ್ ಅವರ ಒಂದು ಸಾಲು ಎಲ್ಲರಿಗೂ ಅರ್ಥವಾಗುತ್ತಿತ್ತು. 1935ರ ನಂತರ ಲೇಬರ್‌ಗೆ ಅಷ್ಟು ಕಡಿಮೆ ಸೀಟು ಬಂದದ್ದು ಇದೇ ಮೊದಲು. ಇಡೀ ದೇಶದಲ್ಲಿ ಅದು ಹೊಸದಾಗಿ ಗೆದ್ದುಕೊಂಡ ಕ್ಷೇತ್ರ ಒಂದೇ, ಪಟ್ನಿ. ಗ್ರೀನಿಂಗ್ ಸ್ಪರ್ಧಿಸಿರಲಿಲ್ಲ. ನೀರಜ್ ಪಾಟೀಲ 1,554 ಮತದ ಅಂತರಕ್ಕೆ ತಂದು ನಿಲ್ಲಿಸಿದ್ದ ಜಾಗದಲ್ಲಿ ಲೇಬರ್‌ನ ಫ್ಲರ್ ಆಂಡರ್ಸನ್ ಗೆದ್ದರು.

ಲೇಬರ್, ಲಿಬರಲ್ ಡೆಮಾಕ್ರಾಟ್, ಎಸ್‌ಎನ್‌ಪಿ, ಗ್ರೀನ್, ಪ್ಲೈಡ್ ಕಮ್ರಿ ಮತಗಳನ್ನು ಕೂಡಿದರೆ ಅರ್ಧಕ್ಕಿಂತ ತುಸು ಹೆಚ್ಚೇ ಆಗುತ್ತದೆ. ಹಾಗಾದರೆ ಎಲ್ಲ ಕ್ಷೇತ್ರಗಳಲ್ಲಿ ಹೊಂದಾಣಿಕೆ ಆಗಿದ್ದರೆ ಗೆಲ್ಲುತ್ತಿದ್ದರೇ? ಇಲ್ಲಿ ನಾನು ಎಚ್ಚರಿಕೆಯಿಂದ ಮಾತಾಡಬೇಕು. ಅದೇ 2019ರ ಮೇ ತಿಂಗಳಲ್ಲಿ ನಮ್ಮಲ್ಲಿ ಲೋಕಸಭಾ ಫಲಿತಾಂಶ ಬಂತು. ಕಾಂಗ್ರೆಸ್ ಮತ್ತು ಜೆಡಿಎಸ್ ಸೀಟು ಹಂಚಿಕೊಂಡು 28ರಲ್ಲಿ ತಲಾ ಒಂದನ್ನು ಗೆದ್ದವು. ನಾಯಕರು ವೇದಿಕೆಯಲ್ಲಿ ಕೈ ಎತ್ತಿ ಹಿಡಿದರೂ ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಎದುರುಬದುರು ನಿಂತ ಕಾರ್ಯಕರ್ತರು ಒಬ್ಬರಿಗೊಬ್ಬರು ಮತ ಹಾಕಿಸಲಿಲ್ಲ. ದಕ್ಷಿಣ ಇಂಗ್ಲೆಂಡಿನಲ್ಲಿ ಒಕ್ಕೂಟದಲ್ಲಿ ಉಳಿಯಬೇಕೆಂದ ಎಷ್ಟೋ ಮಧ್ಯಮ ವರ್ಗದವರಿಗೆ ಬ್ರೆಕ್ಸಿಟ್‌ಗಿಂತ ಕಾರ್ಬಿನ್ ಪ್ರಧಾನಿಯಾಗುವುದೇ ದೊಡ್ಡ ಹೆದರಿಕೆಯಾಗಿತ್ತು. ಹಾಗಾಗಿ ಗೆಲ್ಲುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ 80ರ ಬಹುಮತ ಬರುತ್ತಿರಲಿಲ್ಲ. ಅತಂತ್ರ ಸಂಸತ್ತು ಬಂದಿದ್ದರೆ ಒಪ್ಪಂದ ಮತ್ತೆ ಸದನದ ಪರಿಶೀಲನೆಗೆ ಬರುತ್ತಿತ್ತು. 80ರ ಬಹುಮತದ ಮುಂದೆ ಪರಿಶೀಲನೆಯೇ ಉಳಿಯಲಿಲ್ಲ. 2020ರ ಜನವರಿ 31ರಂದು ಬ್ರಿಟನ್ ಹೊರಬಂತು.

ಇದೇ ಗಣಿತ 2024ರ ಜುಲೈನಲ್ಲಿ ಮಗುಚಿ ಬಿತ್ತು. ಫರಾಜ್ ಈ ಸಲ ರಿಫಾರ್ಮ್ ಯುಕೆ ಹೆಸರಿನಲ್ಲಿ ಕನ್ಸರ್ವೇಟಿವ್ ಕ್ಷೇತ್ರಗಳಲ್ಲೂ ನಿಂತರು. ಅವರ ಪಕ್ಷಕ್ಕೆ ಶೇ 14.3 ಮತ, 5 ಸೀಟು. ಕನ್ಸರ್ವೇಟಿವರು 121ಕ್ಕೆ ಕುಸಿದರು. ಲೇಬರ್ ಶೇ 33.7 ಮತದಿಂದ 411 ಸೀಟು ಗೆದ್ದಿತು, ಕಾರ್ಬಿನ್ 2017ರಲ್ಲಿ ಸೋತಾಗ ಪಡೆದಿದ್ದ ಶೇ 40ಕ್ಕಿಂತ ಬಹಳ ಕಡಿಮೆ ಮತಕ್ಕೆ. ಲಿಬರಲ್ ಡೆಮಾಕ್ರಾಟರ ಮತ ಶೇ 11.6ರಿಂದ 12.2ಕ್ಕೆ ಬಂದು, ಸೀಟು 11ರಿಂದ 72ಕ್ಕೆ ಹೋಯಿತು. ಈ ಸಲ ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರ ನಡುವೆ ಬಹಿರಂಗ ಒಪ್ಪಂದ ಇರಲಿಲ್ಲ. ತಮ್ಮ ತಮ್ಮ ಕ್ಷೇತ್ರದಲ್ಲಿ ಯಾರು ಕನ್ಸರ್ವೇಟಿವರನ್ನು ಸೋಲಿಸಬಲ್ಲರು ಎಂದು ನೋಡಿಕೊಂಡು ಜನರೇ ಹಂಚಿಕೆ ಮಾಡಿಕೊಂಡರು.